ಡೀಸೆಲ್ ಜಲಾಂತರ್ಗಾಮಿ ಎಷ್ಟು ದೂರ ಹೋದೀತು? ಆಸ್ಟ್ರೇಲಿಯದ ದುಬಾರಿ ಹುಡುಕಾಟ

2003ರ ಫೆಬ್ರುವರಿ 12. ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯಾಚೆ ‘ಡಿಶೆನೋ’ ಎಂಬ ಜಲಾಂತರ್ಗಾಮಿಯು ತನಗೆ ನಿಗದಿಯಾಗಿದ್ದ ಗರಿಷ್ಠ ಆಳದ ಸಮೀಪದಲ್ಲಿ ಸಾಗುತ್ತಿತ್ತು. ಆಗ ಎಂಜಿನ್ ಕೋಣೆಯ ಕೆಳ ಅಂತಸ್ತಿನಲ್ಲಿ ಸಮುದ್ರದ ನೀರನ್ನು ಸಾಗಿಸುವ ಹೋಸ್ ಪೈಪೊಂದು ಸಿಡಿಯಿತು. ನಲ್ಲಿಯ ಪೈಪು ಒಡೆದು ಮನೆಯೊಳಗೆ ನೀರು ನುಗ್ಗಿದಂತಲ್ಲ ಇದು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 180 ಮೀಟರ್ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು 18 ಕಿಲೋ ಭಾರ ಬೀಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಸುಮಾರು 12 ಟನ್ ನೀರು ಒಳನುಗ್ಗಿತು. ನೀರಿನ ರಭಸಕ್ಕೆ ಸಿಕ್ಕ ನಾವಿಕನೊಬ್ಬ ಕೂದಲೆಳೆಯಲ್ಲಿ ಬದುಕುಳಿದ.

ಕವಾಟ ಮುಚ್ಚಿತು, ನೌಕೆ ಮೇಲಕ್ಕೆ ಬಂದಿತು. ನೀರು ಇನ್ನೂ 20 ಸೆಕೆಂಡು ಹರಿದಿದ್ದರೆ ಅದರ ಭಾರಕ್ಕೆ ನೌಕೆ ಮತ್ತೆಂದೂ ಮೇಲೇಳುತ್ತಿರಲಿಲ್ಲವೆಂದು ಬಳಿಕ ಅಂದಾಜಿಸಲಾಯಿತು. ಒಳಗಿದ್ದವರು ಐವತ್ತಕ್ಕೂ ಹೆಚ್ಚು ಮಂದಿ. ಅದೇ ವರ್ಗದ ಎಲ್ಲ ಜಲಾಂತರ್ಗಾಮಿಗಳನ್ನೂ ತಪಾಸಣೆಗಾಗಿ ನೆಲೆಗೆ ಕರೆಸಿಕೊಳ್ಳಲಾಯಿತು. ಹೋಸ್ ಏಕೆ ಸಿಡಿಯಿತೆಂಬುದಕ್ಕೆ ಖಚಿತ ಕಾರಣ ಸಿಗದ ಕಾರಣ ಅವು ಇಳಿಯಬಹುದಾದ ಆಳವನ್ನೇ ಶಾಶ್ವತವಾಗಿ ಕಡಿಮೆ ಮಾಡಲಾಯಿತು.

ಡಿಶೆನೋ ಆಸ್ಟ್ರೇಲಿಯ ನೌಕಾಪಡೆಯ ಕಾಲಿನ್ಸ್ ವರ್ಗದ ಆರು ಜಲಾಂತರ್ಗಾಮಿಗಳಲ್ಲಿ ಒಂದು. ಡೀಸೆಲ್ ಎಂಜಿನ್ ಹಾಗೂ ಬ್ಯಾಟರಿಯನ್ನೇ ನಂಬಿ ಅತಿ ದೂರ ಸಾಗುವಂತೆ ರೂಪುಗೊಂಡ, ತನ್ನ ಕಾಲದ ದೊಡ್ಡ ನೌಕೆಗಳಿವು. ಇವುಗಳ ಉತ್ತರಾಧಿಕಾರಿಯನ್ನು ಹುಡುಕಲು ಹೊರಟ ಆ ದೇಶ ಫ್ರಾನ್ಸ್‌ನೊಂದಿಗೆ ಮನಸ್ತಾಪ ಕಟ್ಟಿಕೊಂಡಿತು, ಕೋಟ್ಯಂತರ ಡಾಲರ್ ಕಳೆದುಕೊಂಡಿತು, ಕೊನೆಗೆ ಪರಮಾಣು ಜಲಾಂತರ್ಗಾಮಿಗೆ ಕೈಚಾಚಿತು. ಇದೆಲ್ಲದರ ಮೂಲದಲ್ಲಿರುವುದು ಒಂದು ಸರಳ ಪ್ರಶ್ನೆ: ಡೀಸೆಲ್ ಜಲಾಂತರ್ಗಾಮಿ ಎಷ್ಟು ದೂರ, ಎಷ್ಟು ಗುಟ್ಟಾಗಿ ಹೋಗಬಲ್ಲದು?

ಉಸಿರಾಡಲೇಬೇಕಾದ ಯಂತ್ರ

ಡೀಸೆಲ್ ಎಂಜಿನ್ ಓಡಲು ಗಾಳಿ ಬೇಕು. ನೀರಿನೊಳಗೆ ಗಾಳಿಯಿಲ್ಲ. ಆದ್ದರಿಂದ ಇಂಥ ಜಲಾಂತರ್ಗಾಮಿಯಲ್ಲಿ ಡೀಸೆಲ್ ಎಂಜಿನ್ನುಗಳ ಕೆಲಸ ವಿದ್ಯುತ್ ಉತ್ಪಾದಿಸಿ ಬ್ಯಾಟರಿ ತುಂಬಿಸುವುದಷ್ಟೆ. ನೌಕೆಯನ್ನು ತಳ್ಳುವುದು ವಿದ್ಯುತ್ ಮೋಟಾರು. ಕಾಲಿನ್ಸ್‌ನಲ್ಲಿ 18 ಸಿಲಿಂಡರುಗಳ ಮೂರು ಡೀಸೆಲ್ ಎಂಜಿನ್ನುಗಳಿವೆ. ಹಡಗಿನ ಹೊಟ್ಟೆಯೊಳಗೆ ನೂರಾರು ಟನ್ ತೂಕದ ಸೀಸ-ಆಮ್ಲ ಬ್ಯಾಟರಿಗಳಿವೆ. ಮೂಲತತ್ತ್ವದಲ್ಲಿ ಕಾರಿನ ಬ್ಯಾಟರಿಗೂ ಇವಕ್ಕೂ ವ್ಯತ್ಯಾಸವಿಲ್ಲ.

ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ನೌಕೆಯು ನೀರಿನ ಮೇಲ್ಮೈಗೆ ಸಮೀಪಿಸಿ ‘ಸ್ನಾರ್ಕೆಲ್’ ಎಂಬ ಉಸಿರುಕೊಳವೆಯನ್ನು ಮೇಲಕ್ಕೆ ಚಾಚುತ್ತದೆ. ಆ ಕೊಳವೆಯಿಂದ ಗಾಳಿ ಒಳಬರುತ್ತದೆ, ಎಂಜಿನ್ನುಗಳು ಓಡುತ್ತವೆ, ಬ್ಯಾಟರಿ ತುಂಬುತ್ತದೆ. ನೌಕೆ ಶತ್ರುವಿನ ಕಣ್ಣಿಗೆ ಬೀಳುವ ಅಪಾಯ ಅತಿ ಹೆಚ್ಚಿರುವ ಹೊತ್ತೇ ಇದು. ಕೊಳವೆಯ ತುದಿ ರೇಡಾರಿಗೆ ಸಿಗಬಹುದು. ಎಂಜಿನ್ನಿನ ಸದ್ದು ನೀರಿನಲ್ಲಿ ಬಹುದೂರ ಹರಡುತ್ತದೆ. ಬಿಸಿಯಾದ ಹೊಗೆಯನ್ನು ಶಾಖ ಗ್ರಹಿಸುವ ಕ್ಯಾಮೆರಾ ಗುರುತಿಸಬಲ್ಲದು. ಆದ್ದರಿಂದಲೇ ಒಂದು ದಿನದಲ್ಲಿ ಎಷ್ಟು ಹೊತ್ತು ಹೀಗೆ ತಲೆಯೆತ್ತಬೇಕಾಗುತ್ತದೆ ಎಂಬುದು ಜಲಾಂತರ್ಗಾಮಿಯ ಕ್ಯಾಪ್ಟನ್‌ನನ್ನು ಸದಾ ಕಾಡುವ ಲೆಕ್ಕ.

ಬ್ಯಾಟರಿ ಹಾಗೂ ವೇಗದ ನಡುವಿನ ಸಂಬಂಧ ಇನ್ನೂ ಕಠೋರ. ನೀರನ್ನು ಸೀಳಿಕೊಂಡು ಹೋಗುವ ನೌಕೆಯ ವೇಗ ಎರಡು ಪಟ್ಟಾಗಬೇಕಾದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಕಾಲಿನ್ಸ್‌ನ ಅಂಕಿಗಳೇ ಇದನ್ನು ಹೇಳುತ್ತವೆ. ಗಂಟೆಗೆ 4 ನಾಟಿಕಲ್ ಮೈಲಿ, ಅಂದರೆ ಬಿರುಸಾಗಿ ನಡೆಯುವ ಮನುಷ್ಯನಿಗಿಂತ ತುಸು ಹೆಚ್ಚಿನ ವೇಗದಲ್ಲಿ, ಅದು ಬ್ಯಾಟರಿಯ ಮೇಲೆ 480 ನಾಟಿಕಲ್ ಮೈಲಿ ಸಾಗಬಲ್ಲದು. ಕಿಲೋಮೀಟರಿನಲ್ಲಿ ಸುಮಾರು 890, ಕಾಲದಲ್ಲಿ ಐದು ದಿನ. ಅದೇ ನೌಕೆ 21 ನಾಟ್ ವೇಗದಲ್ಲಿ ಓಡಿದರೆ 32 ನಾಟಿಕಲ್ ಮೈಲಿಗೇ ಬ್ಯಾಟರಿ ಬರಿದು. ಒಂದೂವರೆ ಗಂಟೆಯ ಓಟ, ಅಷ್ಟೆ. ಅಪಾಯ ಕಂಡು ವೇಗವಾಗಿ ತಪ್ಪಿಸಿಕೊಳ್ಳುವ ಅವಕಾಶ ಡೀಸೆಲ್ ಜಲಾಂತರ್ಗಾಮಿಗೆ ಒಮ್ಮೆ ಮಾತ್ರ ಸಿಗುತ್ತದೆ.

ಹಾಗಿದ್ದೂ ಹಲವು ದೇಶಗಳು ಇದನ್ನೇ ಏಕೆ ಇಟ್ಟುಕೊಂಡಿವೆ? ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು, ಮೌನ. ಪರಮಾಣು ರಿಯಾಕ್ಟರನ್ನು ಬೇಕೆಂದಾಗ ನಿಲ್ಲಿಸಲಾಗದು. ಅದರ ಪಂಪು, ಟರ್ಬೈನುಗಳ ಸದ್ದು ಸ್ವಲ್ಪವಾದರೂ ಇದ್ದೇ ಇರುತ್ತದೆ. ಬ್ಯಾಟರಿಯ ಮೇಲೆ ಮೆಲ್ಲನೆ ಸಾಗುವ ನೌಕೆಯಲ್ಲಿ ಸದ್ದು ಮಾಡುವ ಯಂತ್ರಗಳೇ ಕಡಿಮೆ. 2002ರ ಅಕ್ಟೋಬರಿನಲ್ಲಿ ಹವಾಯಿ ದ್ವೀಪಗಳ ಬಳಿ ನಡೆದ ಸಮರಾಭ್ಯಾಸದಲ್ಲಿ ಕಾಲಿನ್ಸ್ ವರ್ಗದ ‘ಶೀಯನ್’ ಅಮೆರಿಕದ ಪರಮಾಣು ಜಲಾಂತರ್ಗಾಮಿ ‘ಒಲಿಂಪಿಯಾ’ವನ್ನು ಬೇಟೆಯಾಡಿ ತೋರಿಸಿತು. ಕಾಲಿನ್ಸ್ ವಿನ್ಯಾಸಗೊಳಿಸಿದ ಸ್ವೀಡನ್ನಿನ ಕಾಕಮ್ಸ್ ಸಂಸ್ಥೆಯದೇ ಇನ್ನೊಂದು ಸೃಷ್ಟಿಯಾದ ‘ಗಾಟ್ಲಂಡ್’, 2005ರಲ್ಲಿ ಅಮೆರಿಕದ ವಿಮಾನವಾಹಕ ನೌಕೆ ‘ರೊನಾಲ್ಡ್ ರೇಗನ್’ನ ಕಾವಲನ್ನು ಅಭ್ಯಾಸದಲ್ಲಿ ಭೇದಿಸಿ ಸುದ್ದಿಯಾಗಿತ್ತು.

ಭೂಗೋಳವೇ ಬರೆದ ವಿನ್ಯಾಸ

ಸ್ವೀಡನ್‌ಗೆ ಕಾವಲು ಕಾಯಬೇಕಿರುವುದು ಮನೆಯಂಗಳದಂತಿರುವ ಬಾಲ್ಟಿಕ್ ಸಮುದ್ರ. ಆಸ್ಟ್ರೇಲಿಯದ ಸ್ಥಿತಿ ತದ್ವಿರುದ್ಧ. ಅದರ ಜಲಾಂತರ್ಗಾಮಿಗಳ ನೆಲೆ ಪರ್ತ್ ನಗರದ ದಕ್ಷಿಣಕ್ಕಿರುವ ‘ಸ್ಟರ್ಲಿಂಗ್’. ಅಲ್ಲಿಂದ ಸಿಂಗಪುರವೇ ಸುಮಾರು 4,000 ಕಿ.ಮೀ. ದೂರ. 10 ನಾಟ್ ವೇಗದಲ್ಲಿ ಬಿಡದೆ ಸಾಗಿದರೂ ಒಂಬತ್ತು ದಿನ ಬೇಕು. ಅದರಾಚೆ ದಕ್ಷಿಣ ಚೀನಾ ಸಮುದ್ರದಲ್ಲಿ ವಾರಗಟ್ಟಲೆ ಕಾದು ಕುಳಿತು, ಅಷ್ಟೇ ದೂರ ಹಿಂದಿರುಗಬೇಕು. ಯುರೋಪಿನ ಯಾವ ಸಿದ್ಧ ನೌಕೆಯೂ ಈ ಕೆಲಸಕ್ಕೆ ಒದಗುವಂತಿರಲಿಲ್ಲ.

ಹೀಗಾಗಿ 1987ರಲ್ಲಿ, ಕಿಮ್ ಬೀಜ್ಲಿ ರಕ್ಷಣಾ ಸಚಿವರಾಗಿದ್ದಾಗ, ಕಾಕಮ್ಸ್‌ನ ಚಿಕ್ಕ ನೌಕೆಯೊಂದರ ವಿನ್ಯಾಸವನ್ನೇ ಹಿಗ್ಗಿಸಿ ಅಡಿಲೇಡ್ ಬಳಿ ಆರು ಜಲಾಂತರ್ಗಾಮಿಗಳನ್ನು ಕಟ್ಟುವ ಒಪ್ಪಂದವಾಯಿತು. ಅಲ್ಲಿಯವರೆಗೆ ಆ ದೇಶ ಒಂದೇ ಒಂದು ಜಲಾಂತರ್ಗಾಮಿಯನ್ನೂ ಕಟ್ಟಿರಲಿಲ್ಲ. ಅದರ ಹಿಂದಿನ ಒಬೆರಾನ್ ನೌಕೆಗಳು ಸ್ಕಾಟ್ಲೆಂಡಿನಲ್ಲಿ ತಯಾರಾದವು. ಹೊಸ ನೌಕೆಗಳ ಉದ್ದ 77 ಮೀಟರಿಗೂ ಮಿಗಿಲು, ತೂಕ 3,000 ಟನ್ನಿಗೂ ಹೆಚ್ಚು. ಮೇಲ್ಮೈಯಲ್ಲಿ 10 ನಾಟ್ ವೇಗದಲ್ಲಿ 11,500 ನಾಟಿಕಲ್ ಮೈಲಿ, ಸ್ನಾರ್ಕೆಲ್ ಬಳಸುತ್ತಾ 9,000 ನಾಟಿಕಲ್ ಮೈಲಿ ಸಾಗುವ ಸಾಮರ್ಥ್ಯ. 70 ದಿನ ಸಮುದ್ರದಲ್ಲೇ ಇರಬಹುದು. ಆರು ಟಾರ್ಪೆಡೊ ಕೊಳವೆಗಳು, 22 ಆಯುಧಗಳು.

ಆರು ನೌಕೆಗಳಿಗೂ ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ನೌಕಾ ಯೋಧರ ಹೆಸರಿಡಲಾಯಿತು. ಎಮಿಲ್ ಡಿಶೆನೋ 1944ರಲ್ಲಿ ಲೇಟೆ ಕೊಲ್ಲಿಯಲ್ಲಿ ಜಪಾನಿನ ವಿಮಾನವೊಂದು ಅವರ ಹಡಗಿಗೆ ಬಂದು ಅಪ್ಪಳಿಸಿದಾಗ ಮಡಿದ ಕ್ಯಾಪ್ಟನ್. ಟೆಡ್ಡಿ ಶೀಯನ್ ಅಧಿಕಾರಿಯೇ ಅಲ್ಲ, ಸಾಮಾನ್ಯ ನಾವಿಕ. 1942ರ ಡಿಸೆಂಬರ್ 1ರಂದು ಮುಳುಗುತ್ತಿದ್ದ ‘ಆರ್ಮಿಡೇಲ್’ ಹಡಗಿನಲ್ಲಿ ತನ್ನನ್ನು ಬಂದೂಕಿಗೆ ಬಿಗಿದುಕೊಂಡು ಕೊನೆಯವರೆಗೂ ಗುಂಡು ಹಾರಿಸಿದಾತ. ಆತನಿಗೆ ವಿಕ್ಟೋರಿಯಾ ಕ್ರಾಸ್ ಸಂದಿದ್ದು 2020ರಲ್ಲಿ, 78 ವರ್ಷಗಳ ಬಳಿಕ. ಆ ವೇಳೆಗಾಗಲೇ ಅವನ ಹೆಸರಿನ ಜಲಾಂತರ್ಗಾಮಿ ಎರಡು ದಶಕ ದುಡಿದಿತ್ತು.

ಮೊದಲ ನೌಕೆ 1996ರಲ್ಲಿ ಸೇವೆಗೆ ಸೇರಿತು. ತೊಂದರೆಗಳ ಸರಮಾಲೆಯೂ ಶುರುವಾಯಿತು. ಸ್ವೀಡನ್ನಿನಲ್ಲಿ ತಯಾರಾಗಿ ಬಂದಿದ್ದ ಭಾಗಗಳ ಬೆಸುಗೆಯಲ್ಲೇ ದೋಷ. ಎಂಜಿನ್ನುಗಳು ಆಗಾಗ ಕೈಕೊಡುತ್ತಿದ್ದವು. ನೌಕೆ ವೇಗ ಪಡೆದಂತೆ ಸದ್ದು ಏರುತ್ತಿತ್ತು. ಸೋನಾರ್ ಹಾಗೂ ಆಯುಧಗಳನ್ನು ಬೆಸೆಯಬೇಕಿದ್ದ ಕಂಪ್ಯೂಟರ್ ವ್ಯವಸ್ಥೆಯಂತೂ ನಿರೀಕ್ಷಿಸಿದಂತೆ ಕೆಲಸ ಮಾಡಲೇ ಇಲ್ಲ. ಕೊನೆಗೆ ಅಮೆರಿಕದ ವ್ಯವಸ್ಥೆಯನ್ನು ತಂದು ಅಳವಡಿಸಬೇಕಾಯಿತು. ಪತ್ರಿಕೆಗಳು ಇವನ್ನು ‘ಡಡ್ ಸಬ್ಸ್’, ಅಂದರೆ ಠುಸ್ ಪಟಾಕಿಗಳು, ಎಂದು ಜರೆದವು. 1999ರಲ್ಲಿ ಮೆಕಿಂಟಾಶ್-ಪ್ರೆಸ್ಕಾಟ್ ವರದಿ ಈ ಎಲ್ಲ ದೋಷಗಳನ್ನು ಸರ್ಕಾರದ ಮುಂದಿಟ್ಟಿತು.

ಬಯ್ಗುಳದಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಪತ್ರಿಕೆಗಳು ಅಷ್ಟಾಗಿ ಬರೆಯಲಿಲ್ಲ. ವರದಿ ಬಂದ ಅದೇ ತಿಂಗಳು ‘ಫಾರ್ನ್‌ಕಂಬ್’ ನೌಕೆ ಒಂದೇ ಟಾರ್ಪೆಡೊದಿಂದ ನಿವೃತ್ತ ಯುದ್ಧನೌಕೆ ‘ಟಾರೆನ್ಸ್’ ಅನ್ನು ಎರಡು ತುಂಡು ಮಾಡಿತ್ತು. ದೋಷಗಳನ್ನು ಒಂದೊಂದಾಗಿ ತಿದ್ದಿದ ಮೇಲೆ ಕಾಲಿನ್ಸ್ ಅತ್ಯುತ್ತಮ ಡೀಸೆಲ್ ಜಲಾಂತರ್ಗಾಮಿಗಳ ಸಾಲಿಗೆ ಸೇರಿತು. ಆದರೆ ಮನುಷ್ಯರ ಕೊರತೆ ಯಂತ್ರದ ಕೊರತೆಗಿಂತ ದೊಡ್ಡದಾಯಿತು. 2008ರ ಸುಮಾರಿಗೆ ಆರು ನೌಕೆಗಳಿದ್ದರೂ ಮೂರಕ್ಕೆ ಸಾಕಾಗುವಷ್ಟೇ ಸಿಬ್ಬಂದಿಯಿದ್ದರು. ತಿಂಗಳುಗಟ್ಟಲೆ ಬಿಸಿಲು ಕಾಣದ, ಮನೆಗೊಂದು ಮಾತು ಹೇಳಲಾಗದ ಕೆಲಸಕ್ಕೆ ಬರುವವರೇ ವಿರಳ. ಪಶ್ಚಿಮ ಆಸ್ಟ್ರೇಲಿಯದ ಗಣಿಗಳು ಆಗ ಹೆಚ್ಚಿನ ಸಂಬಳ ಕೊಟ್ಟು ತಂತ್ರಜ್ಞರನ್ನು ಸೆಳೆಯುತ್ತಿದ್ದವು.

ತೆಗೆದದ್ದನ್ನೇ ಮತ್ತೆ ಕೇಳಿದರು

2009ರ ರಕ್ಷಣಾ ಶ್ವೇತಪತ್ರದಲ್ಲಿ ಆಸ್ಟ್ರೇಲಿಯ ಜಲಾಂತರ್ಗಾಮಿಗಳ ಸಂಖ್ಯೆಯನ್ನು ಆರರಿಂದ ಹನ್ನೆರಡಕ್ಕೆ ಏರಿಸುವುದಾಗಿ ಹೇಳಿತು. ಜಪಾನ್, ಜರ್ಮನಿ, ಫ್ರಾನ್ಸ್ ಪೈಪೋಟಿಗಿಳಿದವು. ಕ್ಯಾಪ್ಟನ್ ಡಿಶೆನೋನನ್ನು ಬಲಿ ಪಡೆದ ದೇಶದ ಜಲಾಂತರ್ಗಾಮಿಯನ್ನೇ ಕೊಳ್ಳುವ ಮಾತು ಕೆಲಕಾಲ ಗಂಭೀರವಾಗಿ ನಡೆದಿತ್ತೆಂಬುದು ಇತಿಹಾಸದ ವಿಚಿತ್ರ. 2016ರ ಏಪ್ರಿಲ್‌ನಲ್ಲಿ ಗೆದ್ದದ್ದು ಫ್ರಾನ್ಸ್.

ಫ್ರಾನ್ಸ್ ಮುಂದಿಟ್ಟದ್ದು ತನ್ನ ಬಾರಕೂಡ ಪರಮಾಣು ಜಲಾಂತರ್ಗಾಮಿಯ ವಿನ್ಯಾಸ. ಅದರಿಂದ ರಿಯಾಕ್ಟರ್ ತೆಗೆದು, ಆ ಜಾಗದಲ್ಲಿ ಡೀಸೆಲ್ ಎಂಜಿನ್ ಹಾಗೂ ಬ್ಯಾಟರಿ ತುಂಬಬೇಕಿತ್ತು. ಸುಮಾರು 4,500 ಟನ್ ತೂಕದ ಈ ವರ್ಗಕ್ಕೆ ‘ಅಟ್ಯಾಕ್’ ಎಂದು ಹೆಸರಾಯಿತು. ಆರಂಭದಲ್ಲಿ 50 ಶತಕೋಟಿ ಆಸ್ಟ್ರೇಲಿಯ ಡಾಲರ್ ಎಂದಿದ್ದ ಅಂದಾಜು 90 ಶತಕೋಟಿ ಮುಟ್ಟಿತು.

ಈ ಕತೆಯ ಒಂದು ಎಳೆ ಭಾರತಕ್ಕೂ ತಗುಲಿತು. 2016ರ ಆಗಸ್ಟ್‌ನಲ್ಲಿ, ಒಪ್ಪಂದ ಗೆದ್ದ ಅದೇ ಫ್ರೆಂಚ್ ಸಂಸ್ಥೆ ಭಾರತಕ್ಕಾಗಿ ರೂಪಿಸಿದ್ದ ಸ್ಕಾರ್ಪಿನ್ ಜಲಾಂತರ್ಗಾಮಿಗಳಿಗೆ ಸಂಬಂಧಿಸಿದ 22 ಸಾವಿರಕ್ಕೂ ಹೆಚ್ಚು ಪುಟಗಳು ಸೋರಿಕೆಯಾಗಿರುವುದಾಗಿ ‘ದಿ ಆಸ್ಟ್ರೇಲಿಯನ್’ ಪತ್ರಿಕೆ ಬರೆಯಿತು. ಭಾರತದ ಗುಟ್ಟು ಹೊರಬಿದ್ದರೆ ನಾಳೆ ನಮ್ಮದರ ಗತಿಯೇನು ಎಂಬ ಪ್ರಶ್ನೆ ಕ್ಯಾನ್‌ಬೆರಾದಲ್ಲಿ ಎದ್ದಿತು. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಆ ಸ್ಕಾರ್ಪಿನ್‌ಗಳು ಕಾಲಿನ್ಸ್‌ನ ಸುಮಾರು ಅರ್ಧದಷ್ಟು ತೂಗುತ್ತವೆ. ಹಿಂದೂ ಮಹಾಸಾಗರದ ನಡುವೆಯೇ ಚಾಚಿಕೊಂಡಿರುವ ಭಾರತಕ್ಕೆ ಗಸ್ತಿನ ಜಾಗ ಹತ್ತಿರ. ಚಿಕ್ಕ ನೌಕೆ ಸಾಕಾಗುತ್ತದೆ. ಆದರೂ ಅವುಗಳಲ್ಲಿ ಒಂದಾದ ‘ವಾಗೀರ್’ 2023ರ ಆಗಸ್ಟ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲ್‌ವರೆಗೆ ಹೋಗಿ ಬಂದಿತು.

2021ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಸ್ಕಾಟ್ ಮಾರಿಸನ್ ಫ್ರೆಂಚ್ ಒಪ್ಪಂದವನ್ನು ಕೈಬಿಟ್ಟು, ಅಮೆರಿಕ ಹಾಗೂ ಬ್ರಿಟನ್ ಜೊತೆ ‘ಆಕಸ್’ ಕೂಟ ಘೋಷಿಸಿದರು. ಈ ಬಾರಿ ಬೇಕಾದದ್ದು ಪರಮಾಣು ಜಲಾಂತರ್ಗಾಮಿಗಳೇ. ರಿಯಾಕ್ಟರ್ ತೆಗೆದುಕೊಡಿ ಎಂದು ಕೇಳಿದ್ದ ದೇಶ ಐದೇ ವರ್ಷಗಳಲ್ಲಿ ರಿಯಾಕ್ಟರ್ ಇರುವುದೇ ಬೇಕೆಂದಿತು. ಕೆರಳಿದ ಫ್ರಾನ್ಸ್ ಅಮೆರಿಕ, ಆಸ್ಟ್ರೇಲಿಯಗಳಿಂದ ತನ್ನ ರಾಯಭಾರಿಗಳನ್ನು ವಾಪಸು ಕರೆಸಿಕೊಂಡಿತು. ಮಾರಿಸನ್ ತಮಗೆ ಸುಳ್ಳು ಹೇಳಿದರೆಂದು ಅಧ್ಯಕ್ಷ ಮ್ಯಾಕ್ರನ್ ಬಹಿರಂಗವಾಗಿಯೇ ದೂರಿದರು. ಒಂದು ನೌಕೆಯೂ ನೀರಿಗಿಳಿಯದ ಈ ಯೋಜನೆಗೆ ಆಸ್ಟ್ರೇಲಿಯದ ತೆರಿಗೆದಾರ ಸುಮಾರು 3.4 ಶತಕೋಟಿ ಡಾಲರ್ ತೆತ್ತ. ಅದರಲ್ಲಿ 830 ದಶಲಕ್ಷ ಡಾಲರ್ 2022ರಲ್ಲಿ ಫ್ರೆಂಚ್ ಸಂಸ್ಥೆಗೆ ಸಂದ ಪರಿಹಾರ.

ಮನಸ್ಸು ಬದಲಾಯಿಸಿದ್ದಕ್ಕೆ ಸರ್ಕಾರ ಕೊಟ್ಟ ಕಾರಣವನ್ನು ತಳ್ಳಿಹಾಕುವಂತಿಲ್ಲ. ಆಗಸದಲ್ಲಿ ಡ್ರೋನ್, ಉಪಗ್ರಹಗಳ ಕಣ್ಣು ಹೆಚ್ಚಿದಂತೆಲ್ಲ ಸ್ನಾರ್ಕೆಲ್ ಎತ್ತುವುದು ಹೆಚ್ಚು ಅಪಾಯಕಾರಿಯಾಗುತ್ತಿದೆ. ಪರಮಾಣು ನೌಕೆಗೆ ಆ ಹಂಗಿಲ್ಲ. ಊಟದ ಸಾಮಗ್ರಿ ಮುಗಿಯುವವರೆಗೂ ಅದು ನೀರೊಳಗೇ ಇರಬಹುದು. ಅಮೆರಿಕದ ವರ್ಜೀನಿಯಾ ವರ್ಗದ ನೌಕೆಗಳಿಗೆ ಜೀವಿತಾವಧಿಯಲ್ಲಿ ಮತ್ತೆ ಇಂಧನ ತುಂಬಬೇಕಾಗಿಯೇ ಇಲ್ಲ.

ಸಮಸ್ಯೆ ಇರುವುದು ಕಾಲದಲ್ಲಿ. 2023ರ ಮಾರ್ಚ್‌ನಲ್ಲಿ ಪ್ರಕಟವಾದ ವೇಳಾಪಟ್ಟಿಯ ಪ್ರಕಾರ ವರ್ಜೀನಿಯಾ ನೌಕೆಗಳು ಆಸ್ಟ್ರೇಲಿಯಕ್ಕೆ ಬರುವುದು 2030ರ ದಶಕದ ಆರಂಭದಿಂದ. ಅಡಿಲೇಡಿನಲ್ಲಿ ಕಟ್ಟುವ ಹೊಸ ನೌಕೆ ಸಿದ್ಧವಾಗುವುದು 2040ರ ದಶಕದ ಆರಂಭಕ್ಕೆ. ಒಟ್ಟು ವೆಚ್ಚ 268ರಿಂದ 368 ಶತಕೋಟಿ ಡಾಲರ್. ಅಮೆರಿಕದ ಹಡಗುಕಟ್ಟೆಗಳು ತಮ್ಮದೇ ನೌಕಾಪಡೆಗೆ ವರ್ಷಕ್ಕೆ ಎರಡು ವರ್ಜೀನಿಯಾ ಕೊಡಲಾಗದೆ ಹೆಣಗುತ್ತಿವೆ. 2025ರ ಜೂನ್‌ನಲ್ಲಿ ಪೆಂಟಗನ್ ಇಡೀ ಒಪ್ಪಂದವನ್ನೇ ಮರುಪರಿಶೀಲನೆಗೆ ಎತ್ತಿಕೊಂಡಾಗ ಕ್ಯಾನ್‌ಬೆರಾದಲ್ಲಿ ಎದೆಬಡಿತ ಏರಿತ್ತು. ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪ್ ಒಪ್ಪಂದಕ್ಕೆ ಬದ್ಧವೆಂದು ಹೇಳಿದ ಮೇಲೆ ಅದು ತುಸು ಇಳಿಯಿತು.

ಅಲ್ಲಿಯವರೆಗೆ ಭಾರ ಹೊರಬೇಕಾದದ್ದು ಕಾಲಿನ್ಸ್. ಸುಮಾರು 30 ವರ್ಷ ಬಾಳುವಂತೆ ಕಟ್ಟಿದ ನೌಕೆಗಳ ಆಯುಷ್ಯವನ್ನು ತಲಾ ಹತ್ತು ವರ್ಷ ಹಿಗ್ಗಿಸುವ ಕಾರ್ಯಕ್ರಮಕ್ಕೆ ಮೊದಲು ಗೊತ್ತಾದದ್ದು ಫಾರ್ನ್‌ಕಂಬ್. ಆ ಕೆಲಸ ಆರಂಭವಾಗುವ ಮೊದಲೇ ಫಾರ್ನ್‌ಕಂಬ್ ಹಾಗೂ ಶೀಯನ್‌ಗಳಲ್ಲಿ ಹಿಂದೆಂದೂ ಕಾಣದಷ್ಟು ತುಕ್ಕು ಪತ್ತೆಯಾಯಿತು. 2024ರ ಡಿಸೆಂಬರಿನಲ್ಲಿ ಸರ್ಕಾರ ಕಾಲಿನ್ಸ್ ನಿರ್ವಹಣೆಯನ್ನು ವಿಶೇಷ ನಿಗಾ ಬೇಕಿರುವ ‘ಕಳವಳದ’ ಪಟ್ಟಿಗೆ ಸೇರಿಸಿತು. ಮಹಾಯುದ್ಧದ ನಾವಿಕರ ಹೆಸರು ಹೊತ್ತ ಈ ನೌಕೆಗಳ ಹೊರಕವಚವನ್ನು ಅಡಿಲೇಡಿನ ಅದೇ ಕಟ್ಟೆಯಲ್ಲಿ ಬೆಸುಗೆಗಾರರು ಮತ್ತೆ ಅಂಗುಲ ಅಂಗುಲವಾಗಿ ಪರೀಕ್ಷಿಸಬೇಕಾಗಿ ಬಂದಿದೆ.