ಜಿಪ್ ಚೀಲ ‘ಟಕ್’ ಎಂದರೆ ಸಾಕೇ?

ಗೋಕಾಕಕ್ಕೆ ಹೋದವರು ಕರದಂಟು ಇಲ್ಲದೆ ಮರಳುವುದು ಕಡಿಮೆ. ಮನೆಗೆ ತಂದು ನಾಲ್ಕು ತುಂಡು ತಿಂದು, ಉಳಿದದ್ದನ್ನು ಜಿಪ್ ಚೀಲಕ್ಕೆ ಹಾಕಿ, ಬಾಯಿ ಒತ್ತಿ ಟಕ್ ಎನ್ನಿಸಿ ಮಾಡದಲ್ಲಿಟ್ಟರೆ ನಿಶ್ಚಿಂತೆ. ಮಳೆಗಾಲದಲ್ಲಿ ಕೆಲವು ವಾರ ಬಿಟ್ಟು ತೆಗೆದರೆ ಬೆಲ್ಲ ಜಿಗಿ ಬಂದಿರುತ್ತದೆ, ಕೊಬ್ಬರಿ ಕಮಟು ಹಿಡಿದಿರುತ್ತದೆ. ಬೈಗುಳ ಮಾತ್ರ ಮಾಡಿದವರಿಗೆ. ಎಷ್ಟೋ ಸಲ ತಪ್ಪು ಅವರದಲ್ಲ, ಚೀಲದ ಬಾಯಿಯ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಯದು.

ನಂಬಿಕೆ: ಟಕ್ ಎಂದರೆ ಗಾಳಿ ಆಡುವುದಿಲ್ಲ.

ಹಳೆಯ ಜಿಪ್ ಚೀಲದ ಬಾಯಿಯನ್ನು ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿ, ಆ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಬದಿಗೆ ಬಾಣದ ಮೊನೆಯಂಥ ಏಣು, ಎದುರು ಬದಿಗೆ ಅದನ್ನು ಕಚ್ಚಿಕೊಳ್ಳುವ ಎರಡು ತುಟಿಯ ತೋಡು. ಒಳ್ಳೆಯ ಚೀಲದಲ್ಲಿ ಈ ಕೊಕ್ಕೆ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಸರಕಿನ ಕಡೆಗೆ ಗಟ್ಟಿಯಾಗಿ ಕಚ್ಚುತ್ತದೆ, ಬಾಯಿಯ ಕಡೆಗೆ ಸಡಿಲ. ಒಳಗಿನ ಭಾರಕ್ಕೆ ಬಿಚ್ಚಬಾರದು, ಹೊರಗಿನ ಬೆರಳಿಗೆ ಸಲೀಸಾಗಿ ಬಿಚ್ಚಬೇಕು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಲೆಕ್ಕಾಚಾರ ಅಡಗಿರುವುದನ್ನು ಕಂಡಾಗಲೆಲ್ಲ ನನಗೆ ಮೆಚ್ಚುಗೆ ಆಗುತ್ತದೆ. ಡೆನ್ಮಾರ್ಕಿನ ಬೋರ್ಗೆ ಮ್ಯಾಡ್ಸನ್ 1950ರ ದಶಕದ ಆರಂಭದಲ್ಲಿ ರೂಪಿಸಿದ ಪ್ಲಾಸ್ಟಿಕ್ ಜಿಪ್ಪಿನಿಂದ ಈ ವಂಶ ಬೆಳೆಯಿತು. 1968ರಲ್ಲಿ ಅಮೆರಿಕದ ಡೌ ಕಂಪನಿ ‘ಜಿಪ್‌ಲಾಕ್’ ಹೆಸರಿನಲ್ಲಿ ಅದನ್ನು ಅಡುಗೆಮನೆಗೆ ತಂದಿತು.

ಸೋರುವುದು ಬಹುಪಾಲು ನಡುವೆ ಅಲ್ಲ, ತುದಿಗಳಲ್ಲಿ. ಚೀಲದ ಎರಡೂ ಅಂಚಿಗೆ ಜಿಪ್ಪನ್ನು ಶಾಖದಿಂದ ಚಪ್ಪಟೆ ಮಾಡಿ ಬೆಸೆಯುತ್ತಾರೆ. ಅಲ್ಲಿ ಸರಿಯಾಗಿ ಕರಗದಿದ್ದರೆ ಕೂದಲೆಳೆಯಷ್ಟು ಸುರಂಗ ಉಳಿಯುತ್ತದೆ. ನೀರು ತುಂಬಿ ತಲೆಕೆಳಗು ಹಿಡಿದರೆ ದೊಡ್ಡ ಸೋರಿಕೆ ತಿಳಿಯುತ್ತದೆ. ಆದರೆ ನೀರು ನಿಂತಿತೆಂದ ಮಾತ್ರಕ್ಕೆ ನೀರಾವಿಯೂ ನಿಂತಿತು ಎಂದಲ್ಲ.

ಇನ್ನೊಂದು ಮಾತು. ಅಂಗಡಿಯಿಂದ ತಂದ ಹೊಸ ಚೀಲವನ್ನು ಕಾಯುವುದು ಜಿಪ್ ಅಲ್ಲ, ಜಿಪ್ಪಿನ ಮೇಲಿರುವ ಶಾಖದ ಬೆಸುಗೆ. ನಾವು ಹರಿದು ಎಸೆಯುವ ಪಟ್ಟಿ ಅದೇ. ಚೀಲದ ಮೇಲೆ ಅಚ್ಚಾದ ಬಾಳಿಕೆಯ ಲೆಕ್ಕ ಆ ಬೆಸುಗೆ ಇರುವವರೆಗಿನದು. ಹರಿದ ಮೇಲೆ ಬೇರೆ ಲೆಕ್ಕ.

ನಂಬಿಕೆ: ಚೀಲ ದಪ್ಪ ಇದ್ದಷ್ಟೂ ಒಳ್ಳೆಯದು.

ದಪ್ಪಕ್ಕಿಂತ ಜಾತಿ ಮುಖ್ಯ. ಕರದಂಟಿನಲ್ಲಿರುವುದು ಬೆಲ್ಲ, ಕರಿದ ಅಂಟು, ಕೊಬ್ಬರಿ, ತುಪ್ಪ, ಗೋಡಂಬಿ, ಬಾದಾಮಿ. ಬೆಲ್ಲದ ವೈರಿ ತೇವ. ಕೊಬ್ಬರಿ ಮತ್ತು ತುಪ್ಪದ ವೈರಿ ಆಮ್ಲಜನಕ. ಸಾದಾ ಪಾಲಿಥೀನ್ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆಮ್ಲಜನಕವನ್ನು ಅಷ್ಟಾಗಿ ತಡೆಯದು. ಆದ್ದರಿಂದ ಮೂಡಲಗಿಯ ಕಬ್ಬಿನ ಬೆಲ್ಲವನ್ನಷ್ಟೇ ಇಡುವುದಾದರೆ ಪಾಲಿಥೀನ್ ಜಿಪ್ ಚೀಲ ಸಾಕು. ಕರದಂಟನ್ನು ತಿಂಗಳುಗಟ್ಟಲೆ ಇಡಬೇಕೆಂದರೆ ಅಲ್ಯೂಮಿನಿಯಂ ಪದರದ ಚೀಲ ಬೇಕು. ಆದರೆ ಹಲವು ಪದರ ಅಂಟಿಸಿದ ಆ ಚೀಲವನ್ನು ಮರುಬಳಕೆಗೆ ಕರಗಿಸುವುದು ಕಷ್ಟ. ಹೆಚ್ಚು ದಿನ ಇಡುವ ಅಗತ್ಯವಿಲ್ಲದಿದ್ದರೆ ಅದನ್ನು ಕೊಳ್ಳದಿರುವುದೇ ಮೇಲು.

ನಂಬಿಕೆ: ಸಿಲಿಕೋನ್ ಚೀಲ ದುಬಾರಿ, ಆದ್ದರಿಂದ ಎಲ್ಲಕ್ಕೂ ಅದೇ ಉತ್ತಮ.

ಸಿಲಿಕೋನ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ತಾಳುತ್ತದೆ, ವರ್ಷಗಟ್ಟಲೆ ತೊಳೆದು ಬಳಸಬಹುದು. ಇದು ನಿಜ. ಆದರೆ ಅನಿಲಗಳು ಪಾಲಿಥೀನಿಗಿಂತಲೂ ಸುಲಭವಾಗಿ ಸಿಲಿಕೋನನ್ನು ದಾಟುತ್ತವೆ. ಮಸಾಲೆಯ ವಾಸನೆಯನ್ನೂ ಅದು ಹಿಡಿದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ಹೋಳು, ಪಲ್ಯ, ಹಿಟ್ಟು ಇಡಲು ಅದು ಚೆಂದ. ಖಾರದಪುಡಿ ಇಟ್ಟ ಚೀಲಕ್ಕೆ ಮುಂದೆ ಕರದಂಟು ಹಾಕಬೇಡಿ.

ನಂಬಿಕೆ: ಎಳೆದು ಮುಚ್ಚುವ ಸ್ಲೈಡರ್ ಇದ್ದರೆ ಭದ್ರ.

ವಯಸ್ಸಾದವರಿಗೆ, ಬೆರಳು ನೋಯುವವರಿಗೆ ಸ್ಲೈಡರ್ ಅನುಕೂಲ. ಆದರೆ ಜಿಪ್ಪನ್ನು ಬಿಚ್ಚಲು ಸ್ಲೈಡರಿಗೆ ಒಂದು ಸಣ್ಣ ನಾಲಗೆ ಇರುತ್ತದೆ, ಅದು ಏಣು ಮತ್ತು ತೋಡಿನ ನಡುವೆ ಕೂತಿರುತ್ತದೆ. ಕೊನೆಯವರೆಗೆ ಎಳೆದ ಮೇಲೂ ಆ ನಾಲಗೆ ಇರುವಷ್ಟು ಜಾಗ ತೆರೆದೇ ಉಳಿಯಬಹುದು. ನಾಲಗೆ ಇಳಿದು ಕೂರಲು ತುದಿಯಲ್ಲಿ ಗುಳಿ ಮಾಡಿದ್ದರೆ ಮಾತ್ರ ಅದು ಪೂರ್ತಿ ಮುಚ್ಚುತ್ತದೆ. ಸಾರು, ಉಪ್ಪಿನಕಾಯಿಯ ಎಣ್ಣೆ ಇಂಥವುಗಳಿಗೆ ಬೆರಳಿನಿಂದ ಒತ್ತುವ ಜೋಡಿ ಸಾಲಿನ ಜಿಪ್ಪೇ ಲೇಸು.

ನಂಬಿಕೆ: ಬಾಯಿ ಕೂರದಾಯಿತೆಂದರೆ ಚೀಲ ಕೆಟ್ಟಿತು.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೆಣಸಿನಕಾಯಿ ಖಾರಕ್ಕೆ ಹೆಸರಾದದ್ದು. ಅದರ ಪುಡಿಯನ್ನು ಚೀಲದಿಂದ ಸುರಿದಾಗ ನುಣ್ಣನೆಯ ಧೂಳು ತೋಡಿನಲ್ಲಿ ಕೂರುತ್ತದೆ. ಏಣು ಒಳಗೆ ಇಳಿಯಲು ಜಾಗವಿಲ್ಲ, ಒತ್ತಿದರೆ ಟಕ್ ಇಲ್ಲ. ಚೀಲಕ್ಕೆ ಏನೂ ಆಗಿರುವುದಿಲ್ಲ. ಒಣಬಟ್ಟೆಯ ತುದಿಯಿಂದ ಅಥವಾ ಮೆತ್ತನೆಯ ಬ್ರಷ್ಷಿನಿಂದ ತೋಡನ್ನು ಉದ್ದಕ್ಕೂ ಉಜ್ಜಿದರೆ ಮತ್ತೆ ಕೂರುತ್ತದೆ. ಪುಡಿಗೆಂದೇ ಹಲವು ಸಣ್ಣ ಏಣುಗಳ ಜಿಪ್ ಮತ್ತು ಸಣ್ಣ ಕೊಕ್ಕೆಗಳು ಸಾಲಾಗಿ ಕಚ್ಚುವ ಪಟ್ಟಿ ಬಂದಿವೆ. ಒಂದೆರಡು ಕಡೆ ಪುಡಿ ಸಿಕ್ಕಿದರೂ ಉಳಿದ ಕೊಕ್ಕೆ ಕಚ್ಚುತ್ತವೆ. ತೊಳೆಯುವುದಾದರೆ ಕುದಿಯುವ ನೀರು ಬೇಡ. ತೆಳು ಪಾಲಿಥೀನ್ ಕರಗುವುದು ಸುಮಾರು 110 ಡಿಗ್ರಿಗೆ ಆದರೂ, ಅದಕ್ಕೆ ಮೊದಲೇ ಮೆತ್ತಗಾಗಿ ಏಣು ಸೊಟ್ಟಗಾಗುತ್ತದೆ. ಸೊಟ್ಟಗಾದ ಏಣು ಮತ್ತೆ ನೆಟ್ಟಗಾಗದು.

ಬಿಸಿ ಆರದ ಕರದಂಟನ್ನು ಚೀಲಕ್ಕೆ ಹಾಕಿ ಮುಚ್ಚುವುದೂ ತಪ್ಪು. ಒಳಗೆ ಸೇರಿದ ಆವಿ ಬೆವರಾಗಿ ಬೆಲ್ಲಕ್ಕೇ ಇಳಿಯುತ್ತದೆ. ಅಲ್ಲಿ ಜಿಪ್ ಗಟ್ಟಿ ಇದ್ದಷ್ಟೂ ತೊಂದರೆಯೇ ಹೆಚ್ಚು.

ಕರದಂಟು, ಬೆಲ್ಲ, ಖಾರದಪುಡಿ ಮಾಡಿ ಮಾರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ಒಂದು ಕೋರಿಕೆ. ಚೀಲದ ಮೇಲಿನ ಬಣ್ಣದ ಚಿತ್ರಕ್ಕಿಂತ ಮೊದಲು, ಒಳಗೆ ಹಾಕುವ ಸರಕನ್ನು ಹೇಳಿ ಅದಕ್ಕೆ ಒಪ್ಪುವ ಪದರ ಮತ್ತು ಜಿಪ್ ಕೇಳಿ. ನಮೂನೆಗೆ ತರಿಸಿದ ಹತ್ತು ಚೀಲಕ್ಕೆ ನೀರು ತುಂಬಿ, ಮುಚ್ಚಿ, ಎರಡೂ ಮೂಲೆಗಳನ್ನು ಕೆಳಗೆ ಮಾಡಿ ಹಿಡಿಯಿರಿ. ಹನಿ ಕಂಡರೆ ಆ ಚೀಲ ತೆಗೆದುಕೊಳ್ಳಬೇಡಿ.