ಬ್ಯಾಂಡಿನವರ ಹಿತ್ತಾಳೆಗೆ ಕೈಬೆವರೇ ಶತ್ರು!

ಜನವರಿ ಬಂತೆಂದರೆ ನಮ್ಮ ಕಡೆಯ ಬ್ಯಾಂಡ್ ಸೆಟ್ಟಿನವರಿಗೆ ಪುರುಸೊತ್ತಿಲ್ಲ. ಕಾರ್ಕಳದ ಅತ್ತೂರು ಜಾತ್ರೆ ಆ ತಿಂಗಳಲ್ಲೇ. ಎರಡು ವರ್ಷಕ್ಕೊಮ್ಮೆ 18ನೇ ತಾರೀಕಿನ ನಸುಕಿನಲ್ಲಿ ಉಡುಪಿ ಜೋಡುಕಟ್ಟೆಯಿಂದ ಪರ್ಯಾಯದ ಮೆರವಣಿಗೆ. ಇವುಗಳ ನಡುವೆ ಮದುವೆ ದಿಬ್ಬಣಗಳು. ಮುಂದಿನ ಸಲ ಇಂಥದ್ದೊಂದು ಮೆರವಣಿಗೆ ನಿಮ್ಮ ಅಂಗಡಿ ಎದುರು ಹಾದುಹೋಗುವಾಗ ಬಣ್ಣದ ಕೋಟು, ಟೊಪ್ಪಿ ನೋಡಿದ್ದು ಸಾಕು, ಟ್ರಂಪೆಟ್ ಊದುವವನ ಎಡಗೈಯನ್ನು ಸ್ವಲ್ಪ ನೋಡಿ. ಮೂರು ಗುಂಡಿಗಳ ಕೊಳವೆಯನ್ನು ಆ ಕೈ ಬಿಗಿಯಾಗಿ ಅಪ್ಪಿ ಹಿಡಿದಿರುತ್ತದೆ. ಹಾಡು ಮುಗಿದು ಕೈ ಬಿಟ್ಟಾಗ ಗೊತ್ತಾಗುತ್ತದೆ ಬಣ್ಣ! ಬಾಯಿ ಕಡೆ ಚಿನ್ನದ ಹಾಗೆ ಹೊಳೆಯುವ ವಾದ್ಯ, ಹಿಡಿಯುವಲ್ಲಿ ಮಾತ್ರ ಕಂದು, ಕಪ್ಪು, ಕೆಲವೆಡೆ ಹಸಿರು.

ಇದು ಕೊಳೆ ಅಂತ ತಿಳಿಯಬೇಡಿ. ವಾದ್ಯವನ್ನು ಬೆವರು ತಿಂದ ಗುರುತು ಇದು.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಅಂಗಡಿಯಿಂದ ಬರುವ ಹೊಸ ಟ್ರಂಪೆಟ್, ಯೂಫೋನಿಯಂಗಳ ಮೇಲೆ ತೆಳ್ಳನೆಯ ಪಾರದರ್ಶಕ ವಾರ್ನಿಷ್ ಇರುತ್ತದೆ. ಅದಕ್ಕೆ ಲ್ಯಾಕರ್ ಅನ್ನುತ್ತಾರೆ. ಹೊಳಪು ನಿಲ್ಲುವುದು ಅದರ ದೆಸೆಯಿಂದ. ಬೆವರಿನಲ್ಲಿ ಉಪ್ಪು ಉಂಟು, ಸ್ವಲ್ಪ ಹುಳಿಯೂ ಉಂಟು. ಕೈ ಉಜ್ಜಿ ಉಜ್ಜಿ ಲ್ಯಾಕರ್ ಒಂದು ಕಡೆ ಸವೆದರೆ ಸಾಕು, ಬೆವರು ಒಳಗೆ ನುಗ್ಗಿ ಅಂಚಿನ ಲ್ಯಾಕರನ್ನೂ ಎಬ್ಬಿಸುತ್ತದೆ. ಆಮೇಲೆ ಲೋಹದ ಸತುವೇ ಕರಗಿ ಹೋಗುತ್ತದೆ. ಉಳಿದ ತಾಮ್ರ ಕೆಂಪು ಚುಕ್ಕಿಯಾಗಿ ಕಾಣುತ್ತದೆ. ಆ ಜಾಗ ಪುಸುಕಾಗಿ ಕೊನೆಗೊಮ್ಮೆ ತೂತು. ಬಾಯಿ ಇಡುವ ಕೊಳವೆಯಲ್ಲಿ ಇದೇ ರೋಗ ಒಳಗಿನಿಂದ ಶುರುವಾಗುತ್ತದೆ, ಅಲ್ಲಿ ಉಸಿರಿನ ನೀರು ಕಾರಣ. (ಎಲೆಯಡಿಕೆ ಹಾಕಿ ಬಾಯಿ ತೊಳೆಯದೆ ಊದುವವರು ದಯವಿಟ್ಟು ಗಮನಿಸಿ.) ಎಲ್ಲರ ಬೆವರೂ ಒಂದೇ ಅಲ್ಲ. ಒಬ್ಬನ ವಾದ್ಯ ಹತ್ತು ವರ್ಷ ಹೊಸದಾಗಿಯೇ ಇದ್ದರೆ ಇನ್ನೊಬ್ಬನದು ಎರಡೇ ವರ್ಷದಲ್ಲಿ ಬಣ್ಣಗೆಡುವುದುಂಟು. ಅದು ಅವನ ತಪ್ಪಲ್ಲ, ಮೈಗುಣ. ಇದರ ಮೇಲೆ ನಮ್ಮೂರಿನ ಹವೆ ಬೇರೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಲ್ಲಿ ಅರ್ಧ ಗಂಟೆ ನಿಂತರೆ ತುಟಿಗೆ ಉಪ್ಪು ಹತ್ತುತ್ತದೆ. ಹಿತ್ತಾಳೆಗೆ ಹತ್ತದೆ ಇರುತ್ತದೆಯೇ?

ಹುಳಿ ಹಾಕಿ ತಿಕ್ಕಿದರೆ ಫಳಫಳ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಪಿಯುಸಿ ಬಿಟ್ಟ ವರ್ಷ ಒಂದು ಸೆಟ್ಟಿನವರ ಜೊತೆ ಸಾಮಾನು ಹೊರುವ ಕೆಲಸಕ್ಕೆ ಹೋಗಿದ್ದೆ. ಮದುವೆಯ ಹಿಂದಿನ ರಾತ್ರಿ ಯಾರೂ ಹೇಳದೆ ಟ್ರಂಪೆಟಿಗೆ ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ಚೆನ್ನಾಗಿ ತಿಕ್ಕಿಟ್ಟೆ. ಬೆಳಿಗ್ಗೆ ನೋಡಿದರೆ ಲ್ಯಾಕರ್ ಚಕ್ಕೆ ಚಕ್ಕೆಯಾಗಿ ಎದ್ದು ಹೋಗಿ ವಾದ್ಯಕ್ಕೆ ತೊನ್ನು ಹತ್ತಿದ ಹಾಗಾಗಿತ್ತು. ಅದು ಯಜಮಾನರು ಸಾಲ ಮಾಡಿ ತಂದದ್ದು. ಮದುವೆ ಮನೆಯವರು ಮುಖ ಸಿಂಡರಿಸಿದರು, ಹಣ ಕೊಡುವಾಗ ಚೌಕಾಸಿಯನ್ನೂ ಮಾಡಿದರು. ನನ್ನ ಎರಡು ಪ್ರೋಗ್ರಾಮಿನ ಸಂಬಳ ಅದಕ್ಕೇ ಹೋಯಿತು.

ಕೋಲದ ಕೊಂಬಿಗೆ ಹುಳಿ ಸರಿ, ಅದಕ್ಕೆ ಲ್ಯಾಕರ್ ಇಲ್ಲ. ಆದರೂ ತಿಕ್ಕಿದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಒರಸದಿದ್ದರೆ ಮರುದಿನವೇ ಕಿಲುಬು. ಲ್ಯಾಕರ್ ಇರುವ ಬ್ಯಾಂಡ್ ವಾದ್ಯಕ್ಕೆ ಹುಳಿಯೂ ಬೇಡ, ಡಬ್ಬಿಯ ಹಿತ್ತಾಳೆ ಪಾಲಿಷೂ ಬೇಡ. ಪಾಲಿಷ್ ಕೆಲಸ ಮಾಡುವುದೇ ಉಜ್ಜಿ ಸವೆಸಿ. ಮೊದಲು ಲ್ಯಾಕರ್ ಹೋಗುತ್ತದೆ, ಆಮೇಲೆ ಲೋಹ.

ಹಾಗಾದರೆ ಮಾಡುವುದೇನು? ಖರ್ಚಿಲ್ಲದ ಉಪಾಯ ಒಂದು ಹಳೆ ಹತ್ತಿ ಬನಿಯನು. ನುಡಿಸುವ ಮೊದಲು ಕೈ ತೊಳೆದು ಒಣಗಿಸುವುದು, ನುಡಿಸಿದ ಮೇಲೆ ಹಿಡಿದ ಜಾಗವನ್ನು ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರಸುವುದು. ಬರೇ ಒಣ ಬಟ್ಟೆಗೆ ಉಪ್ಪು ಬರುವುದಿಲ್ಲ. ಆಮೇಲೆಯೇ ಪೆಟ್ಟಿಗೆ ಮುಚ್ಚಬೇಕು. ಸತ್ಯ ಹೇಳಬೇಕೆಂದರೆ ರಾತ್ರಿ ಹನ್ನೆರಡಕ್ಕೆ ಊಟವೂ ಆಗದೆ ವ್ಯಾನು ಹತ್ತುವವನಿಗೆ ಇದು ನೆನಪಿರುವುದು ಕಷ್ಟ.

ಯೂನಿಫಾರ್ಮಿನ ಬಿಳಿ ಗ್ಲೌಸು ಒಳ್ಳೆಯದೇ, ಆದರೆ ಬೆವರಿನಲ್ಲಿ ನೆನೆದ ಗ್ಲೌಸು ಬರಿಗೈಗಿಂತ ಉತ್ತಮವೇನಲ್ಲ. ಎರಡು ಜೊತೆ ಇಟ್ಟುಕೊಳ್ಳಬೇಕು. ಗುಂಡಿ ಒತ್ತುವ ಬೆರಳಿನ ತುದಿ ಕತ್ತರಿಸಿದರೆ ಜಾರುವುದಿಲ್ಲ. ಕೆಲವರು ಇನ್ಸುಲೇಷನ್ ಟೇಪು ಸುತ್ತುತ್ತಾರೆ. ಬೇಡ ಮಾರಾಯ್ರೇ, ಅದರ ಅಂಟು ಬಿಡಿಸುವಾಗ ಲ್ಯಾಕರೂ ಜೊತೆಗೇ ಬರುತ್ತದೆ.

ಎಲ್ಲಕ್ಕಿಂತ ಗಟ್ಟಿ ಉಪಾಯ ಚರ್ಮದ ಪಟ್ಟಿ. ಕವಾಟದ ಕೊಳವೆಗೆ ಸುತ್ತಿ ಲೇಸಿನಿಂದ ಬಿಗಿಯುವಂಥದ್ದು ತಯಾರಾಗಿಯೇ ಸಿಗುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಅಳತೆ ಕೊಟ್ಟರೆ ಅವರೂ ಮಾಡಿಕೊಡಬಲ್ಲರು. ಚರ್ಮ ಮೆತ್ತಗಿರಬೇಕು, ಗುಂಡಿ ಇಟ್ಟರೆ ಅದು ಹಿತ್ತಾಳೆಗೆ ತಾಗಬಾರದು. ಆದರೆ ಇದನ್ನು ಕಟ್ಟಿ ಮರೆತುಬಿಡುವ ಹಾಗಿಲ್ಲ! ಅಡಿಯಲ್ಲಿ ಬೆವರು ಸೇರಿ, ಯಾರಿಗೂ ಕಾಣದೆ ಲೋಹವನ್ನು ತಿನ್ನುತ್ತದೆ. ಪ್ರೋಗ್ರಾಮು ಮುಗಿದ ದಿನವೇ ಬಿಚ್ಚಿ, ಒರಸಿ, ಪಟ್ಟಿಯನ್ನು ಗಾಳಿಗಿಡಬೇಕು. ಮಳೆಗಾಲದಲ್ಲಂತೂ ಕಳಚಿಯೇ ಇಡುವುದು ಲೇಸು. ಇಲ್ಲವಾದರೆ ಬೂಷ್ಟು.

ಈಗಾಗಲೇ ಸವೆದದ್ದಕ್ಕೆ ಮತ್ತೆ ಲ್ಯಾಕರ್ ಹೊಡೆಸಬಹುದು. ಆದರೆ ಹಳೆಯದನ್ನು ತೆಗೆದು ಯಂತ್ರದಲ್ಲಿ ಉಜ್ಜುವಾಗ ತಗಡು ತೆಳ್ಳಗಾಗುತ್ತದೆ. ಮೀರತ್ತಿನಿಂದ ಬರುವ ಸಾಧಾರಣ ವಾದ್ಯಕ್ಕೆ ಅಷ್ಟು ಖರ್ಚು ಮಾಡುವ ಮೊದಲು ಲೆಕ್ಕ ಹಾಕಿ. ನನ್ನನ್ನು ಕೇಳಿದರೆ, ತೂತಾಗದ ತನಕ ಕಂದು ಬಣ್ಣ ಇದ್ದರೆ ಇರಲಿ. ಸ್ವರಕ್ಕೆ ಅದರಿಂದ ತೊಂದರೆ ಇಲ್ಲ. ಮದುವೆ ಮನೆಯವರು ಸ್ವರಕ್ಕೆ ಹಣ ಕೊಡುತ್ತಾರೋ ಹೊಳಪಿಗೆ ಕೊಡುತ್ತಾರೋ, ಅದು ಬೇರೆ ಪ್ರಶ್ನೆ.

ಅಂದ ಹಾಗೆ ನಾನು ಕೆಡಿಸಿದ ಆ ಟ್ರಂಪೆಟ್ ಈಗಲೂ ಊದುತ್ತದೆ. ಮೊನ್ನೆ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಬಸ್ಸಿಗೆ ಕಾಯುವಾಗ ಯಜಮಾನರು ಸಿಕ್ಕಿದರು, ಪೆಟ್ಟಿಗೆ ಕೈಯಲ್ಲೇ ಇತ್ತು. ತೆರೆದು ತೋರಿಸಿದರು. ಹಿಡಿಯುವ ಜಾಗಕ್ಕೆ ಹಳೆ ಚಪ್ಪಲಿಯ ಚರ್ಮ ಸುತ್ತಿದ್ದಾರೆ. ನಾನು ಮುಟ್ಟಲು ಕೈ ಚಾಚಿದ್ದೇ ತಡ, ಪೆಟ್ಟಿಗೆ ಮುಚ್ಚಿದರು.