ಗ್ರಾಮ್ಯಕುಕ್ಕುಟದ ಕೂಗು ಮತ್ತು ಕಾವಲು

ಕೋಳಿಯ ಕೂಗಿಗೆ ವ್ಯಾಕರಣಶಾಸ್ತ್ರದಲ್ಲಿ ಒಂದು ಗೌರವದ ಸ್ಥಾನವುಂಟು. ಹ್ರಸ್ವ ದೀರ್ಘ ಪ್ಲುತಗಳ ಲಕ್ಷಣವನ್ನು ಹೇಳುವಲ್ಲಿ ಪಾಣಿನಿಯು ಉಕಾರವನ್ನೇ ಏತಕ್ಕೆ ಆರಿಸಿಕೊಂಡನೆಂಬ ಪ್ರಶ್ನೆಗೆ, ಹುಂಜದ ಕೂಗಿನಲ್ಲಿ ಒಂದು, ಎರಡು, ಮೂರು ಮಾತ್ರೆಗಳ ಉಕಾರಗಳು ಕ್ರಮವಾಗಿ ಕೇಳಿಬರುವುದೇ ಕಾರಣವೆಂದು ಪಾಠಶಾಲೆಗಳಲ್ಲಿ ಪರಂಪರೆಯಿಂದ ಉತ್ತರ ಹೇಳುತ್ತಾರೆ. ಅಮರಕೋಶವು ಈ ಪಕ್ಷಿಗೆ ಕುಕ್ಕುಟ, ತಾಮ್ರಚೂಡ, ಚರಣಾಯುಧ, ಕೃಕವಾಕು ಎಂಬ ಹೆಸರುಗಳನ್ನು ಕೊಟ್ಟಿದೆ. ಇವುಗಳಲ್ಲಿ ತಾಮ್ರಚೂಡವು ಜುಟ್ಟನ್ನೂ, ಚರಣಾಯುಧವು ಕಾಲಿನ ಮುಳ್ಳನ್ನೂ, ಕೃಕವಾಕುವು ಕೊರಳಿನ ದನಿಯನ್ನೂ ಹಿಡಿದು ಹುಟ್ಟಿದ ಹೆಸರುಗಳು. ಕನ್ನಡದಲ್ಲಿ ಜನ್ನನು ೧೨೦೯ರಲ್ಲಿ ಮುಗಿಸಿದ ಯಶೋಧರಚರಿತೆಯ ಕಥೆಯು ಹಿಟ್ಟಿನ ಕೋಳಿಯೊಂದರ ಬಲಿಯನ್ನೇ ಆಧಾರವಾಗಿ ಉಳ್ಳದ್ದೆಂಬುದು ಸರ್ವವಿದಿತವಾಗಿದೆ.

ಆದರೆ ಶಾಸ್ತ್ರವು ಕಿವಿಗೊಟ್ಟದ್ದು ಹುಂಜದ ಬೆಳಗಿನ ಕೂಗಿಗೆ. ಹಗಲೆಲ್ಲ ಹಿತ್ತಿಲಿನಲ್ಲಿ ಕೆದಕುತ್ತ ತಿರುಗುವ ಕೋಳಿಗಳು ಹೊತ್ತುಹೊತ್ತಿಗೆ ಹೊರಡಿಸುವ ಬೇರೆ ಬೇರೆ ದನಿಗಳನ್ನು ಕೇಳಿ ಅರ್ಥಮಾಡಿಕೊಂಡವರು ಕೋಳಿ ಸಾಕುವ ಮನೆಗಳ ಹೆಂಗಸರು. ಕೋಳಿಯ ರಕ್ಷಣೆಯು ಬಹುಮಟ್ಟಿಗೆ ಈ ಎರಡನೆಯ ವಿದ್ಯೆಯನ್ನೇ ಅವಲಂಬಿಸಿರುವುದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

೧. ಕಾಡಿನಿಂದ ಹಿತ್ತಿಲಿಗೆ

ಗ್ರಾಮ್ಯಕುಕ್ಕುಟವು ಅಭಕ್ಷ್ಯವೆಂದರೆ ಆರಣ್ಯಕುಕ್ಕುಟವು ಭಕ್ಷ್ಯವೆಂಬುದು ತಾನಾಗಿ ತಿಳಿದುಬರುವುದೆಂದು ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಊರ ಕೋಳಿಗೂ ಕಾಡುಕೋಳಿಗೂ ಇರುವ ಭೇದವು ಹೀಗೆ ಪ್ರಾಚೀನರಿಗೆ ಸ್ಪಷ್ಟವಾಗಿತ್ತು; ಅವುಗಳ ಸಂಬಂಧವು ಈಚೆಗೆ ಸ್ಪಷ್ಟವಾಗಿದೆ. ೨೦೨೦ರಲ್ಲಿ ಪ್ರಕಟವಾದ ವಂಶವಾಹಿಗಳ ಪರಿಶೋಧನೆಯಂತೆ, ಊರ ಕೋಳಿಯು ಮುಖ್ಯವಾಗಿ ನೈರುತ್ಯ ಚೀನ, ಉತ್ತರ ಥೈಲೆಂಡ್, ಮ್ಯಾನ್ಮಾರ್ ಈ ಪ್ರದೇಶಗಳ ಕೆಂಪು ಕಾಡುಕೋಳಿಯ ಸಂತತಿ. ಆದರೆ ಅನೇಕ ಕೋಳಿಗಳ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ಗುಣವು ಕರ್ಣಾಟಕದ ಮಲೆನಾಡಿನಲ್ಲಿಯೂ ಕಾಣಬರುವ ಬೂದುಬಣ್ಣದ ಕಾಡುಕೋಳಿಯಿಂದ ಬಂದುದೆಂದು ೨೦೦೮ರ ಇನ್ನೊಂದು ಪರಿಶೋಧನೆಯು ತೋರಿಸಿತು. ಹೀಗೆ ದೂರದಿಂದ ಬಂದ ಪಕ್ಷಿಯ ಮೈಯಲ್ಲಿ ದಕ್ಷಿಣ ದೇಶದ ಅಂಶವೊಂದು ಸೇರಿಕೊಂಡಿದೆ.

ಕಾಡಿನ ಸ್ವಭಾವವು ಹಿತ್ತಿಲಿನಲ್ಲಿಯೂ ಬಿಟ್ಟುಹೋಗಿಲ್ಲ. ಕಾಡುಕೋಳಿಯು ಹಗಲು ನೆಲದಲ್ಲಿ ಮೇದು, ಸಂಜೆಯಾದೊಡನೆ ಮರದ ಕೊಂಬೆಯನ್ನೇರಿ ಕೂರುತ್ತದೆ. ಊರ ಕೋಳಿಯೂ ಹೊತ್ತು ಮುಳುಗುವಾಗ ಎತ್ತರವನ್ನೇ ಹುಡುಕುವುದು. ಕತ್ತಲೆಯಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣದು. ಒಮ್ಮೆ ಕೂತಮೇಲೆ ಶತ್ರು ಹತ್ತಿರ ಬಂದರೂ ಜಾಗ ಬಿಟ್ಟು ಓಡಲಾರದು. ಹಗಲಿನಲ್ಲಿ ಅದು ತನ್ನನ್ನು ತಾನು ಒಂದಿಷ್ಟು ಕಾಪಾಡಿಕೊಳ್ಳಬಲ್ಲುದು. ರಾತ್ರಿಯಲ್ಲಿ ಕಾಪಾಡಬೇಕಾದವನು ಸಾಕಿದವನೇ. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಕಾವಲಿನ ಕ್ರಮವೆಲ್ಲ ಸುಲಭವಾಗಿ ತಿಳಿಯುತ್ತದೆ.

೨. ಹಗಲಿನ ಶತ್ರುಗಳು ಮತ್ತು ಎಚ್ಚರಿಕೆಯ ದನಿ

ಹಗಲಿನಲ್ಲಿ ಆಕಾಶದಿಂದ ಎರಗುವವು ಹದ್ದು, ಗಿಡುಗ, ಕಾಗೆಗಳು. ಇವುಗಳ ಕಣ್ಣು ವಿಶೇಷವಾಗಿ ಮರಿಗಳ ಮೇಲೆ. ನೆಲದ ಮೇಲೆ ಬರುವವು ಮುಂಗುಸಿ, ನಾಯಿ, ಬೆಕ್ಕು, ಹಾವು. ಮುಂಗುಸಿಯನ್ನು ಇರುಳು ಸಂಚರಿಸುವ ಪ್ರಾಣಿಯೆಂದು ಕೆಲವರು ಭಾವಿಸುವುದುಂಟು. ಅದು ಹಗಲಿನದೇ ಬೇಟೆಗಾರ.

ಈ ಎರಡು ಬಗೆಯ ಶತ್ರುಗಳಿಗೆ ಕೋಳಿಯು ಎರಡು ಬಗೆಯ ದನಿ ಮಾಡುತ್ತದೆ. ಮೇಲೆ ಹದ್ದಿನ ನೆರಳು ಕಂಡರೆ ಎಳೆದ, ಸಣ್ಣನೆಯ, ಸಿಳ್ಳಿನಂಥ ದನಿ. ನೆಲದಲ್ಲಿ ನಾಯಿಯೋ ಮುಂಗುಸಿಯೋ ಕಂಡರೆ ಕೊಕ್ ಕೊಕ್ ಎಂದು ಬಿಡಿಬಿಡಿಯಾಗಿ ಮತ್ತೆ ಮತ್ತೆ ಕೂಗುವ ಗಟ್ಟಿ ದನಿ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಪ್ಲುತಪ್ರಾಯ, ಎರಡನೆಯದು ಹ್ರಸ್ವಗಳ ಪರಂಪರೆ. ಎಳೆದ ಸಣ್ಣ ದನಿಯು ಎಲ್ಲಿಂದ ಬಂತೆಂಬುದನ್ನು ಮೇಲಿರುವ ಹಕ್ಕಿಯು ಗುರುತಿಸುವುದು ಕಷ್ಟವೆಂದೂ, ಬಿಡಿ ದನಿಯು ನೆಲದ ಶತ್ರುವಿಗೆ ‘ಕಂಡುಬಿಟ್ಟೆ’ ಎಂದು ಸಾರುವುದೆಂದೂ ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ೧೯೯೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶತ್ರುವಿನ ದರ್ಶನವೇ ಇಲ್ಲದೆ ಮುದ್ರಿತ ದನಿಯನ್ನು ಮಾತ್ರ ಹೇಂಟೆಗಳಿಗೆ ಕೇಳಿಸಿದರು. ಮೊದಲ ದನಿಗೆ ಅವು ಮರೆಗೆ ಓಡಿ ಕುಗ್ಗಿ ಕೂತವು. ಎರಡನೆಯದಕ್ಕೆ ಕತ್ತು ನಿಮಿರಿಸಿ ಸುತ್ತಲೂ ನೋಡಿದವು. ಶಬ್ದದಿಂದಲೇ ಅರ್ಥಬೋಧವಾಯಿತೆಂದು ಹೇಳಲು ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ಸಾಕುವವರಿಗೆ ಇದರ ಪ್ರಯೋಜನವು ಪ್ರತ್ಯಕ್ಷವಾಗಿದೆ. ಸಿಳ್ಳಿನ ದನಿ ಕೇಳಿದರೆ ನೋಡಬೇಕಾದುದು ಆಕಾಶವನ್ನು. ಬಿಡಿ ದನಿ ಕೇಳಿದರೆ ಬೇಲಿಯ ಬುಡವನ್ನು. ಆದರೆ ಕೋಳಿಯು ಎಚ್ಚರಿಸಿದರಷ್ಟೇ ಸಾಲದು, ಓಡಿಹೋಗಲು ಮರೆಯೂ ಇರಬೇಕು. ಬೋಳು ಅಂಗಳದಲ್ಲಿ ಮರಿಗಳು ಉಳಿಯುವುದು ಕಷ್ಟ. ಹಿತ್ತಿಲಿನಲ್ಲಿ ಅಲ್ಲಲ್ಲಿ ಪೊದೆಗಳೋ ತಗ್ಗಾದ ಚಪ್ಪರವೋ ಇದ್ದರೆ ಹದ್ದಿಗೆ ಎರಗಲು ಎಡೆ ದೊರೆಯದು. ತೀರ ಎಳೆಯ ಮರಿಗಳನ್ನು ತಾಯಿಯೊಡನೆ ಬಿದಿರಿನ ಮಂಕರಿಯ ಕೆಳಗೆ ಕವುಚಿ, ಮಂಕರಿಯ ಮೇಲೆ ಕಲ್ಲು ಹೇರುವ ಹಳೆಯ ಪದ್ಧತಿಯು ಇಂದಿಗೂ ಯುಕ್ತವಾದುದೇ.

೩. ರಾತ್ರಿಯ ಶತ್ರುಗಳು ಮತ್ತು ಗೂಡು

ರಾತ್ರಿಯ ಸಂಗತಿಯೇ ಬೇರೆ. ಕಾಡುಬೆಕ್ಕು, ಪುನುಗುಬೆಕ್ಕು, ನರಿ, ಹೆಗ್ಗಣ, ನಾಗರಹಾವು ಇವುಗಳಿಗೆ ಕತ್ತಲೆಯೇ ಅನುಕೂಲ. ಹೆಗ್ಗಣವೂ ಹಾವೂ ಮೊಟ್ಟೆಗೆ, ಮರಿಗೆ ಬರುತ್ತವೆ. ಬೆಕ್ಕಿನ ಜಾತಿಯವು ದೊಡ್ಡ ಕೋಳಿಗಳನ್ನೂ ಬಿಡುವುದಿಲ್ಲ. ಬಯಲಿನಲ್ಲಾದರೆ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಚದರಿಹೋಗುತ್ತವೆ. ಗೂಡಿನೊಳಗೆ ಓಡಲಾರದೆ ಕೂತ ಕೋಳಿಗಳ ನಡುವೆ ನುಗ್ಗಿದ ಪ್ರಾಣಿಯು ತಿನ್ನುವುದಕ್ಕಿಂತ ಹೆಚ್ಚಾಗಿ ಕೊಲ್ಲುವುದುಂಟು. ಆದುದರಿಂದ ಸಡಿಲವಾದ ಗೂಡು ಗೂಡಿಲ್ಲದಿರುವುದಕ್ಕಿಂತ ಅಪಾಯಕರವೆಂದೇ ಹೇಳಬೇಕು.

ಗೂಡು ನೆಲದಿಂದ ಎತ್ತರದಲ್ಲಿರಬೇಕು. ಇಲ್ಲವೇ ತಳಕ್ಕೆ ಕಲ್ಲು ಹಾಸಿರಬೇಕು. ಕೋಳಿಬಲೆಯೆಂದು ಅಂಗಡಿಗಳಲ್ಲಿ ಮಾರುವ ಆರು ಮೂಲೆಯ ಕಣ್ಣಿನ ತೆಳುತಂತಿಯು ಕೋಳಿಯನ್ನು ಒಳಗೆ ಹಿಡಿದಿಡಲು ಸಾಕೇ ಹೊರತು ಶತ್ರುವನ್ನು ಹೊರಗೆ ನಿಲ್ಲಿಸಲು ಸಾಲದು. ಅದನ್ನು ನಾಯಿ ಹರಿದೀತು, ಹಾವು ತೂರೀತು. ಅರ್ಧ ಅಂಗುಲದ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ತಂತಿಬಲೆಯೇ ಬೇಕು. ನೆಲವನ್ನು ತೋಡಿ ಬರುವ ಪ್ರಾಣಿಗಳಿಗಾಗಿ ಅದೇ ಬಲೆಯನ್ನು ಗೂಡಿನ ಸುತ್ತ ಒಂದು ಅಡಿಯಷ್ಟು ಹೊರಕ್ಕೆ ಮಣ್ಣಿನಲ್ಲಿ ಹಾಸುವುದುಂಟು. ಗಾಳಿಗೆ ಬಿಟ್ಟ ಕಿಂಡಿಗಳಿಗೂ ಬಲೆ ಬೇಕು. ಗಾಳಿಯಿಲ್ಲದಂತೆ ಮುಚ್ಚಿದರೆ ರೋಗವೇ ಶತ್ರುವಾಗುವುದು. ಚೆಲ್ಲಿದ ಕಾಳನ್ನು ಸಂಜೆಗೆ ಗುಡಿಸಿ ತೆಗೆಯತಕ್ಕದ್ದು. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಇಷ್ಟೆಲ್ಲ ಇದ್ದರೂ ಹೊತ್ತು ಮುಳುಗುವ ವೇಳೆಗೆ ಕೋಳಿಗಳನ್ನು ಎಣಿಸಿ ಬಾಗಿಲು ಹಾಕುವ ಒಂದು ಅಭ್ಯಾಸವು ತಪ್ಪಿದರೆ ಮಿಕ್ಕ ವ್ಯವಸ್ಥೆಯೆಲ್ಲ ವ್ಯರ್ಥ.

ವಿಷವಿಕ್ಕಿ, ಉರುಲೊಡ್ಡಿ ಶತ್ರುವನ್ನು ಕೊಲ್ಲುವುದು ರಕ್ಷಣೆಯಲ್ಲ. ಮುಂಗುಸಿ, ಕಾಡುಬೆಕ್ಕು, ನಾಗರಹಾವುಗಳನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅಲ್ಲದೆ ಇಲಿ ಹೆಗ್ಗಣಗಳನ್ನು ಹತೋಟಿಯಲ್ಲಿಡುವವೂ ಇವೇ ಪ್ರಾಣಿಗಳು.

೪. ತಾಯಿಯಿಲ್ಲದ ಮರಿಗಳು

ಇಪ್ಪತ್ತೊಂದು ದಿನ ಕಾವು ಕೂತು ಮರಿ ಮಾಡಿಸಿದ ನಾಟಿ ಹೇಂಟೆಯು ಮರಿಗಳಿಗೆ ಬಿಸುಪನ್ನು ಮಾತ್ರವಲ್ಲದೆ ಎಚ್ಚರಿಕೆಯನ್ನೂ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪಿಸಿದ ಗಿರಿರಾಜ ಮೊದಲಾದ ಸುಧಾರಿತ ತಳಿಗಳು ಮೈಯಲ್ಲಿಯೂ ಮೊಟ್ಟೆಯಲ್ಲಿಯೂ ಹೆಚ್ಚಿನವು. ಆದರೆ ಇಂಥ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಕಡಮೆ. ಯಂತ್ರದಲ್ಲಿ ಒಡೆದ ಮರಿಯು ಹಿತ್ತಿಲಿಗೆ ಬರುವಾಗ ಹದ್ದು ಬಂತೆಂದು ಹೇಳುವ ತಾಯಿ ಅದಕ್ಕಿರುವುದಿಲ್ಲ. ಅಂಥ ಮರಿಗಳನ್ನು ಬೆಳೆಯುವವರೆಗೆ ಬಲೆಯೊಳಗೇ ಇಡುವುದು ಅವಶ್ಯಕ. ನಾಟಿ ಹೇಂಟೆಯ ಕೆಳಗೆ ಈ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ಮನೆಗಳು ಎರಡು ಲಾಭಗಳನ್ನೂ ಪಡೆಯುತ್ತವೆ.

೨೦೧೯ರ ಜಾನುವಾರು ಗಣತಿಯಂತೆ ಭಾರತದ ೮೫.೧೮ ಕೋಟಿ ಕೋಳಿ ಮೊದಲಾದ ಸಾಕುಹಕ್ಕಿಗಳಲ್ಲಿ ಸುಮಾರು ೩೧.೭ ಕೋಟಿ ಹಿತ್ತಿಲಿನವು. ಅನೇಕ ಬಡಮನೆಗಳಲ್ಲಿ ಮೊಟ್ಟೆಯ ದುಡ್ಡು ಹೆಂಗಸಿನ ಕೈಗೇ ಸೇರುವ ದುಡ್ಡು. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕಗಳು ಅದರಿಂದ ಬರುತ್ತವೆ. ಒಂದು ರಾತ್ರಿ ಬಾಗಿಲು ಮರೆತರೆ ಹೋಗುವುದು ಆ ದುಡ್ಡು.

ಈ ಅನುಭವವೆಲ್ಲ ಬಹುಕಾಲ ಬಾಯಿಮಾತಿನಲ್ಲಿಯೇ ಉಳಿದುಬಂದಿದೆ. ಹೇಂಟೆಯು ಮೈಸೂರು ಸೀಮೆಯ ಆಡುಮಾತಿನಲ್ಲಿ ಹ್ಯಾಟೆ, ಯಾಟೆ ಎಂದಾಗುವುದನ್ನೂ, ಮರಿಯು ಪಿಳ್ಳೆಯೆನಿಸುವುದನ್ನೂ ಭಾಷಾಜ್ಞರು ಬಲ್ಲರು. ಆದರೆ ಹದ್ದಿಗೆ ಮಾಡುವ ದನಿಗೆ ಯಾವ ಊರಿನಲ್ಲಿ ಏನೆನ್ನುತ್ತಾರೆ, ನಾಯಿಗೆ ಮಾಡುವ ದನಿಗೆ ಏನೆನ್ನುತ್ತಾರೆ, ಸಂಜೆ ಕೋಳಿಗಳನ್ನು ಗೂಡಿಗೆ ಕರೆಯುವ ಕೂಗು ಯಾವುದು ಎಂಬುದನ್ನು ಕೇಳಿ ಬರೆದಿಡುವುದು ಇನ್ನೂ ಆಗಬೇಕಾದ ಕಾರ್ಯ. ಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಅಜ್ಜಿಯರನ್ನು ಕೇಳಿ ಇದನ್ನು ಸಂಗ್ರಹಿಸಿದರೆ, ಹುಂಜದ ಉಕಾರದಿಂದ ಮೊದಲಾದ ಶಬ್ದವಿಚಾರಕ್ಕೆ ಉಚಿತವಾದ ಒಂದು ಪೂರಣವು ದೊರೆಯುವುದು.